ಹಳದಿ ಬಟ್ಟೆ, ಕೆಂಪು ಅಕ್ಷರ: ಟೀ ಶರ್ಟ್ ಮುದ್ರಣದ ಬಗ್ಗೆ ಓದುಗರ ಪ್ರಶ್ನೆಗಳು

ಕಡಿಮೆ ಖರ್ಚಿನಲ್ಲಿ ಟೀ ಶರ್ಟ್ ವಿನ್ಯಾಸ ಮಾಡಿ ಅಚ್ಚು ಹಾಕಿಸುವ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ನವೆಂಬರ್ ಹತ್ತಿರ ಬಂದಿರುವುದರಿಂದಲೋ ಏನೋ, ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯೋತ್ಸವದವೇ ಆಗಿವೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ, ಹೆಸರುಗಳನ್ನು ಬಿಟ್ಟು, ಆರು ಪ್ರಶ್ನೆಗಳನ್ನು ಇಲ್ಲಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಹೋಬಳಿ ಕೇಂದ್ರದ ಯುವಕ ಸಂಘ. ರಾಜ್ಯೋತ್ಸವದ ಮೆರವಣಿಗೆಗೆ ನಲವತ್ತು ಮಂದಿಗೆ ಟೀ ಶರ್ಟ್ ಮಾಡಿಸಬೇಕು. ಕೂಡಿಸಿರುವ ಹಣ 9,000 ರೂಪಾಯಿ. ಎದೆಯ ಮೇಲೆ ಕರ್ನಾಟಕದ ನಕ್ಷೆ ಮತ್ತು ಸಂಘದ ಹೆಸರು, ಬೆನ್ನಿನ ಮೇಲೆ ಒಂದು ಸಾಲು ಬರಬೇಕು. ಸ್ಕ್ರೀನ್ ಪ್ರಿಂಟಿಂಗ್ ಅಗ್ಗ ಎಂದು ಒಬ್ಬರು, ಈಗ ಡಿಟಿಎಫ್ ಬಿಟ್ಟು ಬೇರೆ ಯಾರು ಮಾಡಿಸುತ್ತಾರೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾರ ಮಾತು ನಂಬಬೇಕು?
ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ಇಬ್ಬರ ಮಾತೂ ನಿಜವೇ. ಯಾರ ಮಾತು ನಿಮಗೆ ಹೊಂದುತ್ತದೆ ಎಂಬುದು ನಿಮ್ಮ ಚಿತ್ರದಲ್ಲಿ ಎಷ್ಟು ಬಣ್ಣಗಳಿವೆ ಎಂಬುದರ ಮೇಲೆ ನಿಂತಿದೆ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಚೌಕಟ್ಟಿಗೆ ಬಿಗಿದ ತೆಳುವಾದ ಜಾಲರಿ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಎಂಬ ಲೇಪ ಬಳಿದು, ಚಿತ್ರದ ಟ್ರೇಸಿಂಗ್ ಹಾಳೆಯನ್ನು ಅದಕ್ಕೆ ಅಂಟಿಸಿ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ. ಚಿತ್ರದ ಕಪ್ಪು ತಡೆದ ಜಾಗ ನೀರಿನಲ್ಲಿ ತೊಳೆದುಹೋಗಿ ಕಿಂಡಿಯಾಗುತ್ತದೆ. ಆ ಕಿಂಡಿಯ ಮೂಲಕ ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಬಟ್ಟೆಯ ಮೇಲೆ ಚಿತ್ರ ಮೂಡುತ್ತದೆ. ಒಂದು ಸ್ಕ್ರೀನಿನಿಂದ ಒಂದೇ ಬಣ್ಣ ಬರುವುದರಿಂದ ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಎದೆಗೂ ಬೆನ್ನಿಗೂ ಬೇರೆ ಬೇರೆ ಬೇಕು. ಡಿಟಿಎಫ್, ಅಂದರೆ ‘ಡೈರೆಕ್ಟ್ ಟು ಫಿಲಂ’ ವಿಧಾನದಲ್ಲಿ ಈ ತಾಪತ್ರಯವಿಲ್ಲ. ಪ್ಲಾಸ್ಟಿಕ್ ಫಿಲಂ ಮೇಲೆ ಎಷ್ಟು ಬಣ್ಣ ಬೇಕಾದರೂ ಒಮ್ಮೆಗೇ ಅಚ್ಚಾಗುತ್ತದೆ. ಅದರ ಹಿಂಬದಿಗೆ ಅಂಟಿನ ಪುಡಿ ಉದುರಿಸಿ ಕಾಯಿಸಿ, ಹೀಟ್ ಪ್ರೆಸ್ಸಿನಲ್ಲಿ, ಅಂದರೆ ಕಾದ ಫಲಕದಿಂದ ಒತ್ತುವ ಯಂತ್ರದಲ್ಲಿ, ಬಟ್ಟೆಗೆ ಒತ್ತಿದರೆ ಕೆಲಸ ಮುಗಿಯಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ಸ್ಕ್ರೀನ್ ಮಾಡಲು 500 ರೂಪಾಯಿ, ಒಂದು ಬಣ್ಣ ಒಂದು ಸಲ ಒತ್ತಲು 15 ರೂಪಾಯಿ, ಎ4 ಅಳತೆಯ ಒಂದು ಡಿಟಿಎಫ್ ಅಚ್ಚಿಗೆ ಒತ್ತುವ ಕೂಲಿ ಸೇರಿ 60 ರೂಪಾಯಿ ಎಂದು ಇಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ನಾನು ಹಿಡಿದ ಅಂಕಿಗಳು. ಇವುಗಳ ಜಾಗದಲ್ಲಿ ನಿಮ್ಮೂರಿನ ದರವನ್ನು ಹಾಕಿ ನೋಡಬೇಕು. ಎದೆಗೆ ಮೂರು ಬಣ್ಣ, ಬೆನ್ನಿಗೆ ಒಂದು ಬಣ್ಣವಾದರೆ ನಾಲ್ಕು ಸ್ಕ್ರೀನಿಗೆ 2,000, ನಲವತ್ತು ಶರ್ಟಿಗೆ ನಾಲ್ಕು ಸಲ ಒತ್ತಲು 2,400, ಒಟ್ಟು 4,400 ರೂಪಾಯಿ. ಅಂದರೆ ಶರ್ಟಿಗೆ 110. ಎರಡೂ ಕಡೆ ಡಿಟಿಎಫ್ ಹಾಕಿಸಿದರೆ ಶರ್ಟಿಗೆ 120. ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಎದೆಗೂ ಬೆನ್ನಿಗೂ ಒಂದೊಂದೇ ಬಣ್ಣವೆಂದು ತೀರ್ಮಾನಿಸಿದರೆ ಎರಡು ಸ್ಕ್ರೀನಿಗೆ 1,000, ಒತ್ತಲು 1,200, ಒಟ್ಟು 2,200 ರೂಪಾಯಿ ಆಗುತ್ತದೆ. ಶರ್ಟಿಗೆ ಬರೀ 55. ಅದೇ ಹುಡುಗರು, ಅದೇ ನಲವತ್ತು ಶರ್ಟು; ಉಳಿದ ಹಣವೆಲ್ಲ ಚಿತ್ರ ಬರೆಯುವ ಮೇಜಿನ ಮೇಲೆಯೇ ಉಳಿದದ್ದು. ನಿಮ್ಮ ತಲಾ 225 ರೂಪಾಯಿಯಲ್ಲಿ 55 ಕಳೆದರೆ ಬಟ್ಟೆಗೆ 170 ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇಕಡಾ 5 ಇದೆ. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ. ಕೊನೆಯ ದಿನ ಬಿಲ್ಲಿನ ಮುಂದೆ ನಿಂತು ಕೇಳಿದರೆ ಪ್ರಯೋಜನವಿಲ್ಲ.

ಒಂದೇ ಬಣ್ಣದ ಚಿತ್ರ ಸಪ್ಪೆಯಾಗುತ್ತದೆ ಎಂಬ ಅಳುಕು ಸಹಜ. ಆದರೆ ರಾಜ್ಯೋತ್ಸವಕ್ಕೆ ನಮಗೆ ದೊರೆತಿರುವ ಬಣ್ಣಗಳೇ ಎರಡು: ಮ. ರಾಮಮೂರ್ತಿಯವರು ರೂಪಿಸಿದ ಬಾವುಟದ ಹಳದಿ ಮತ್ತು ಕೆಂಪು. ಬಟ್ಟೆಯನ್ನೇ ಹಳದಿ ತೆಗೆದುಕೊಂಡರೆ ಒಂದು ಬಣ್ಣ ಪುಕ್ಕಟೆಯಾಗಿ ಬಂದಂತಾಯಿತು. ನಕ್ಷೆಯನ್ನು ಪೂರ್ತಿ ಕೆಂಪು ತುಂಬಿ, ಸಂಘದ ಹೆಸರಿನ ಅಕ್ಷರಗಳಷ್ಟನ್ನು ಬಣ್ಣ ಹಾಕದೆ ಹಾಗೆಯೇ ಖಾಲಿ ಬಿಡಿ. ಅಕ್ಷರಗಳೊಳಗಿನಿಂದ ಬಟ್ಟೆಯ ಹಳದಿ ಕಾಣುತ್ತದೆ, ಸ್ಕ್ರೀನ್ ಮಾತ್ರ ಒಂದೇ. ಹೀಗೆ ಬಿಡುವಾಗ ಅಕ್ಷರದ ಗೆರೆ ಒಂದು ಮಿಲಿಮೀಟರಿಗಿಂತ ಸಣ್ಣದಾಗಬಾರದು. ಸಣ್ಣದಾದರೆ ಅಕ್ಕಪಕ್ಕದ ಕೆಂಪು ಹರಡಿ ಮುಚ್ಚಿಹೋಗುತ್ತದೆ. ನಕ್ಷೆಯನ್ನು ಎದೆ ತುಂಬುವಷ್ಟು ದೊಡ್ಡದು ಮಾಡಬೇಡಿ. ಗಟ್ಟಿ ಬಣ್ಣದ ದೊಡ್ಡ ತುಂಡು ಮೈಮೇಲಿದ್ದರೆ ಮಧ್ಯಾಹ್ನದ ಬಿಸಿಲಿನ ಮೆರವಣಿಗೆಯಲ್ಲಿ ಎದೆಗೆ ಟಾರ್ಪಾಲು ಕಟ್ಟಿಕೊಂಡ ಹಾಗಿರುತ್ತದೆ. ಹಳದಿಯ ಮೇಲೆ ಕೆಂಪು ಗಾಢವಾದ ಬಣ್ಣವಾದ್ದರಿಂದ ನೀರಿನಲ್ಲಿ ಕಲಸುವ ಪಿಗ್ಮೆಂಟ್ ಬಣ್ಣವೇ ಸಾಕು, ಅದು ನೂಲಿನೊಳಗೆ ಇಳಿದು ಮೆತ್ತಗಿರುತ್ತದೆ. ಕಪ್ಪು ಬಟ್ಟೆಗೆ ಹಳದಿ ಅಕ್ಷರ ಬೇಕೆಂದರೆ ಮಾತ್ರ ಮೇಲೆ ಕೂರುವ ರಬ್ಬರ್ ಪ್ರಿಂಟ್ ಅಥವಾ ಶಾಖಕ್ಕೆ ಗಟ್ಟಿಯಾಗುವ ಪ್ಲಾಸ್ಟಿಸಾಲ್ ಬಣ್ಣ ಬೇಕಾಗುತ್ತದೆ. ಹಳದಿಯ ಮೇಲೆ ಪಿಗ್ಮೆಂಟ್ ನೀಲಿಯನ್ನಂತೂ ಹಾಕಿಸಬೇಡಿ, ಹಸಿರಾಗಿ ಕಾಣುತ್ತದೆ.

ಬಟ್ಟೆ ಕೊಳ್ಳುವಾಗ ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕವದು. 180 ಜಿಎಸ್‌ಎಂ ಹತ್ತಿ ನಿತ್ಯದ ಬಳಕೆಗೆ ಸರಿಯಾದದ್ದು. 140ರ ಆಸುಪಾಸಿನದು ಒಳಗಿನ ಬನಿಯನ್ ಕಾಣುವಷ್ಟು ತೆಳು. ಬಯೋವಾಷ್ ಆದ, ಅಂದರೆ ಕಿಣ್ವ ಹಾಕಿ ತೊಳೆದ ಬಟ್ಟೆಯಾದರೆ ಮೇಲಿನ ಜುಂಗು ಹೋಗಿ ಅಚ್ಚು ನಯವಾಗಿ ಕೂರುತ್ತದೆ. ಸಂಘಕ್ಕೆ ಗುರುತಿನವರು ಯಾರಾದರೂ ತಿರುಪ್ಪೂರಿನ ಕಡೆ ಹೋಗುವವರಿದ್ದರೆ ಅಲ್ಲಿನ ಖಾದರ್‌ಪೇಟೆಯಲ್ಲಿ ಖಾಲಿ ಶರ್ಟುಗಳು ಸಗಟಿನಲ್ಲಿ ಸಿಗುತ್ತವೆ. ಆದರೆ ಅಲ್ಲಿ ರಫ್ತಿನಿಂದ ಉಳಿದ ಮಾಲೂ, ಸಣ್ಣಪುಟ್ಟ ದೋಷವಿರುವ ಮಾಲೂ ಇರುತ್ತವೆಯಾದ್ದರಿಂದ ಪ್ರತಿಯೊಂದನ್ನೂ ಬಿಡಿಸಿ ನೋಡಿ ತರಬೇಕು. ನಲವತ್ತು ಶರ್ಟಿಗಾಗಿ ಮಾತ್ರ ಬಸ್ಸು ಹತ್ತುವುದಾದರೆ ಬೇಡ, ಉಳಿಸಿದ ಹಣ ಟಿಕೆಟ್ಟಿಗೇ ಹೋಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಐವತ್ತನೆಯ ವರ್ಷಕ್ಕೆ ಟೀ ಶರ್ಟ್ ಮಾಡಿಸಿದೆವು. ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದ್ದ ‘ಸುವರ್ಣ ಮಹೋತ್ಸವ’ ಎಂಬುದು ಅಚ್ಚಾಗಿ ಬಂದಾಗ ‘ಸುವರ್‌ಣ ಮಹೋತ್‌ಸವ’ ಎಂದಾಗಿತ್ತು. ಪ್ರೆಸ್ಸಿನವರು ನಾವು ಕಳುಹಿಸಿದ ಫೈಲೇ ಹಾಗಿತ್ತು ಎನ್ನುತ್ತಾರೆ. ತಪ್ಪು ಎಲ್ಲಾಯಿತು?
ಕನ್ನಡ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಉತ್ತರ: ಐವತ್ತು ವರ್ಷ ಕನ್ನಡ ಕಲಿಸಿದ ಶಾಲೆಯ ಎದೆಯ ಮೇಲೆ ಇಂಥ ಅಕ್ಷರ ಕೂತದ್ದು ನೋಡಿ ನಿಮಗೆ ಎಷ್ಟು ಸಂಕಟವಾಗಿರಬೇಕೆಂದು ಊಹಿಸಬಲ್ಲೆ. ತಪ್ಪು ಫೈಲಿನದೂ ಅಲ್ಲ, ಅಚ್ಚು ಹಾಕಿದ ಹುಡುಗನ ಕೈಯದೂ ಅಲ್ಲ. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿದಾಗ ಆದದ್ದು.

ಈಗ ಎಲ್ಲ ಕಡೆ ಬಳಕೆಯಲ್ಲಿರುವ ಯೂನಿಕೋಡ್ ಸಂಕೇತದ ಕನ್ನಡದಲ್ಲಿ ‘ರ್ಣ’ ಎಂದು ಟೈಪಿಸಿದಾಗ ಕಂಪ್ಯೂಟರಿನೊಳಗೆ ಕೂರುವುದು ರ, ಅರ್ಧಾಕ್ಷರದ ಗುರುತಾದ ಹಲಂತ, ಣ ಎಂಬ ಮೂರು ಸಂಕೇತಗಳು ಮಾತ್ರ. ಅವನ್ನು ನೋಡಿ, ಣ ಅಕ್ಷರವನ್ನು ಮೊದಲು ಬರೆದು ಅದರ ಬಲಕ್ಕೆ ಅರ್ಕಾವೊತ್ತನ್ನು ಇಡಬೇಕು ಎಂಬ ತಿಳಿವಳಿಕೆ ತಂತ್ರಾಂಶಕ್ಕೆ ಇರಬೇಕು. ಹಳೆಯ ಫೋಟೋಶಾಪ್, ಹಳೆಯ ಕೋರಲ್‌ಡ್ರಾಗಳಿಗೆ ಅದಿಲ್ಲ. ಆಮೇಲೆ ಬಂದ ಕೆಲವು ಫೋಟೋಶಾಪ್ ಆವೃತ್ತಿಗಳಲ್ಲೂ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಆನ್ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುವುದರಿಂದ, ಆ ಫಾಂಟ್ ಇಲ್ಲದ ಕಡೆ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದಾದರೂ ವಾಸಿ, ಯಾರ ಕಣ್ಣಿಗಾದರೂ ಬೀಳುತ್ತದೆ. ಒಡೆದ ಒತ್ತಕ್ಷರ ಕನ್ನಡ ಓದಲು ಬಾರದ ಕೆಲಸಗಾರನಿಗೆ ಸರಿಯಾಗಿಯೇ ಕಾಣುತ್ತದೆ.

ಪರಿಹಾರ ಸುಲಭ. ಅಕ್ಷರಗಳನ್ನು ಕಳುಹಿಸುವ ಮೊದಲೇ ಚಿತ್ರವಾಗಿ ಮಾರ್ಪಡಿಸಿಬಿಡಿ. ಕೋರಲ್‌ಡ್ರಾದಲ್ಲಿ ಅಕ್ಷರಗಳನ್ನು ಆರಿಸಿ ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ‘ಕರ್ವ್’ ಆಗುತ್ತವೆ. ಆಮೇಲೆ ಫಾಂಟಿನ ಹಂಗೇ ಇರುವುದಿಲ್ಲ. ಕೋರಲ್‌ಡ್ರಾ ಇಲ್ಲದವರಿಗೆ ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತದೆ, ಅದು ಯೂನಿಕೋಡ್ ಕನ್ನಡವನ್ನು ಸರಿಯಾಗಿಯೇ ತೋರಿಸುತ್ತದೆ, ಅಲ್ಲಿಯೂ ಅಕ್ಷರವನ್ನು ‘ಪಾಥ್’ ಮಾಡುವ ಅವಕಾಶವಿದೆ. ಕರ್ವ್ ಮಾಡುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಕರ್ವ್ ಆದ ಅಕ್ಷರವನ್ನು ಮತ್ತೆ ತಿದ್ದಲಾಗದು. ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ; ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಎಂದೇ ಕಳುಹಿಸಿ.

ಹಣ ಕೊಡದೆ ಬಳಸಬಹುದಾದ ಒಳ್ಳೆಯ ಕನ್ನಡ ಫಾಂಟುಗಳು ಈಗ ಸಾಕಷ್ಟಿವೆ. ಗೂಗಲ್ ಫಾಂಟ್ಸ್‌ನಲ್ಲಿರುವ ಬಾಲೂ ತಮ್ಮ ದಪ್ಪಗೆ ದುಂಡಗಿದ್ದು ದೂರಕ್ಕೆ ಕಾಣುತ್ತದೆ, ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ನನ್ನ ಕಣ್ಣಿಗೆ ಶರ್ಟಿನ ಮೇಲೆ ಬಾಲೂ ತಮ್ಮನೇ ಚೆಂದ, ಆದರೆ ಅದನ್ನು ತೀರಾ ಚಿಕ್ಕದು ಮಾಡಿದರೆ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗಕ್ಕೆ ಬಣ್ಣ ತುಂಬಿಕೊಳ್ಳುತ್ತದೆ. ಎರಡು ಸಾಲುಗಳಿದ್ದರೆ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಕೊನೆಗೆ, ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಆ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರಿಂದ ಅಕ್ಷರಗಳನ್ನು ಗಟ್ಟಿಯಾಗಿ ಓದಿಸಿ. ನಾನು ಈ ಕಸುಬು ಕಲಿಯುವಾಗ ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟು ಸ್ಕ್ರೀನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳನ್ನು ಹನ್ನೊಂದು ಬನಿಯನ್ನುಗಳ ಮೇಲೆ ಶ್ರದ್ಧೆಯಿಂದ ಒತ್ತಿದ್ದೆ. ಚಹಾ ತಂದುಕೊಟ್ಟ ಹುಡುಗ ಅದನ್ನು ಓದಲಾರದೆ ತಲೆ ವಾಲಿಸಿದಾಗಲೇ ನನಗೆ ಗೊತ್ತಾದದ್ದು.

ಪ್ರಶ್ನೆ: ಕಬಡ್ಡಿ ತಂಡಕ್ಕೆ ಕೆಂಪು ಜೆರ್ಸಿ ಕೊಂಡು ಬಿಳಿ ಬಣ್ಣದಲ್ಲಿ ಹೆಸರು, ಸಂಖ್ಯೆ ಹಾಕಿಸಿದೆವು. ಒಂದು ವಾರದಲ್ಲಿ ಬಿಳಿಯೆಲ್ಲ ಗುಲಾಬಿಯಾಯಿತು. ಬಣ್ಣ ಕಳಪೆಯದೇ?
ತಂಡದ ವ್ಯವಸ್ಥಾಪಕರು, ದಾವಣಗೆರೆ

ಉತ್ತರ: ಬಣ್ಣ ಕಳಪೆಯೇ ಆಗಿರಬೇಕೆಂದಿಲ್ಲ, ಬಟ್ಟೆಗೆ ತಕ್ಕದ್ದಲ್ಲ. ನಿಮ್ಮ ಜೆರ್ಸಿ ಪಾಲಿಯೆಸ್ಟರಿನದು. ಪ್ಲಾಸ್ಟಿಸಾಲ್ ಬಣ್ಣ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕೆ ಪಾಲಿಯೆಸ್ಟರಿನೊಳಗಿನ ಕೆಂಪು ಬಣ್ಣ ಆವಿಯಾಗಿ ಮೇಲೆದ್ದು ಬಿಳಿಯೊಳಗೆ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಡುವಾಗ ಬೆಳ್ಳಗೇ ಇದ್ದದ್ದು ನಾಲ್ಕು ದಿನ ಕಳೆದ ಮೇಲೆ ಗುಲಾಬಿಯಾಗುವುದು ಈ ಕಾರಣಕ್ಕೆ.

ಇದೇ ಗುಣವನ್ನು ಉಪಯೋಗಕ್ಕೆ ತಂದುಕೊಂಡಿರುವ ವಿಧಾನವೇ ಸಬ್ಲಿಮೇಷನ್. ಬಿಳಿಯ ಪಾಲಿಯೆಸ್ಟರ್ ಬಟ್ಟೆಗೆ ಕಾಗದದ ಮೇಲಿನ ಚಿತ್ರವನ್ನು ಸುಮಾರು 200 ಡಿಗ್ರಿಯಲ್ಲಿ ಒತ್ತಿದಾಗ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯುತ್ತದೆ, ಕೈಯಾಡಿಸಿದರೆ ಅಚ್ಚು ಇದೆಯೆಂದೇ ತಿಳಿಯುವುದಿಲ್ಲ, ಒಡೆಯುವ ಮಾತೂ ಇಲ್ಲ. ಕೆಂಪು ಬೇಕಾದರೆ ಕೆಂಪನ್ನೂ ಅಚ್ಚಿನಲ್ಲೇ ತರುತ್ತಾರೆ. ಬಿಳಿಯ ಸಂಖ್ಯೆ ಎಂದರೆ ಅಲ್ಲಿ ಬಟ್ಟೆಯ ಬಿಳಿಯನ್ನೇ ಬಿಡುವುದು. ಆಡುವ ಏಳು ಮಂದಿಗೂ ಹೊರಗೆ ಕೂರುವ ಐವರಿಗೂ ಹೆಸರು, ಸಂಖ್ಯೆ ಬೇರೆ ಬೇರೆ ಇದ್ದರೂ ಸ್ಕ್ರೀನಿನ ಖರ್ಚಿಲ್ಲ. ಮುಂದಿನ ಸಲ ಹಾಗೆಯೇ ಮಾಡಿಸಿ. ಹತ್ತಿ ಬಟ್ಟೆಗೆ ಮಾತ್ರ ಸಬ್ಲಿಮೇಷನ್ ಹಿಡಿಯುವುದಿಲ್ಲ. ಬಟ್ಟೆ ಯಾವುದೆಂದು ಅನುಮಾನವಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿ ತೋರಿಸಿ: ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಪ್ರಶ್ನೆ: ಮನೆಯಲ್ಲೇ ಟೀ ಶರ್ಟ್ ಮುದ್ರಣ ಶುರು ಮಾಡಬೇಕೆಂದಿದ್ದೇನೆ. ಸ್ವಸಹಾಯ ಸಂಘದಿಂದ ಸಾಲ ಸಿಗುತ್ತದೆ. ಡಿಟಿಎಫ್ ಪ್ರಿಂಟರ್ ಕೊಳ್ಳಲೇ?
ಗೃಹಿಣಿ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡವೇ ಬೇಡ. ಡಿಟಿಎಫ್‌ನ ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದದ್ದು, ಯಂತ್ರ ನಾಲ್ಕು ದಿನ ಸುಮ್ಮನೆ ನಿಂತರೆ ತಳಕ್ಕಿಳಿದು ಪ್ರಿಂಟ್ ಹೆಡ್ಡಿನ ರಂಧ್ರಗಳನ್ನು ಮುಚ್ಚುತ್ತದೆ. ದಿನವೂ ಕೆಲಸವಿರುವ ಅಂಗಡಿಗೆ ಸರಿ. ವಾರಕ್ಕೆ ಎರಡು ಆರ್ಡರ್ ಬರುವ ಮನೆಗೆ ಅದು ಹಾಲು ಕೊಡದಿದ್ದರೂ ಮೇವು ಕೇಳುವ ಹಸು.

ಹೀಟ್ ಪ್ರೆಸ್ ಒಂದನ್ನು ಮಾತ್ರ ಕೊಳ್ಳಿ. ಚಿತ್ರಗಳನ್ನು ಹೊರಗಡೆ ಡಿಟಿಎಫ್ ಫಿಲಂ ಮೇಲೆ ಅಚ್ಚು ಹಾಕಿಸಿಕೊಂಡು ಬಂದು, ಆರ್ಡರ್ ಬಂದಂತೆ ಮನೆಯಲ್ಲಿ ಒತ್ತಿ ಕೊಡಿ. ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಶಾಖವೂ ಭಾರವೂ ಎಲ್ಲ ಕಡೆ ಸಮವಾಗಿ ಬೀಳದೆ ಅಂಚುಗಳು ಏಳುತ್ತವೆ. ಪ್ರೆಸ್ಸು ಬಹಳ ವಿದ್ಯುತ್ ಎಳೆಯುವುದರಿಂದ ಅದನ್ನು ಟಿವಿಯ ಸಣ್ಣ ಪ್ಲಗ್ಗಿಗೆ ಹಾಕದೆ ಪವರ್ ಪ್ಲಗ್ಗಿಗೇ ಹಾಕಬೇಕು.

ನಿಮ್ಮ ಲಾಭ ಇರುವುದು ಫಿಲಂ ತುಂಬಿಸುವ ಜಾಣ್ಮೆಯಲ್ಲಿ. ಫಿಲಂ ದರ ಸಾಮಾನ್ಯವಾಗಿ ಮೀಟರಿನ ಲೆಕ್ಕ. ಅಚ್ಚಾಗುವ ಅಗಲ 58 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಮೀಟರ್ ಫಿಲಂನಲ್ಲಿ ಎ4 ಅಳತೆಯ, ಅಂದರೆ 29.7 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರದ ಚಿತ್ರಗಳನ್ನು ಅಡ್ಡ, ಉದ್ದ ತಿರುವಿ ಜೋಡಿಸಿದರೆ ಏಳು ಕೂರುತ್ತವೆ. ಅದೇ ಚಿತ್ರವನ್ನು 27 ಸೆಂಟಿಮೀಟರ್ ಅಗಲಕ್ಕೆ ಇಳಿಸಿದರೆ ಎತ್ತರ 19ಕ್ಕೆ ಬಂದು, ನಡುವೆ ಕತ್ತರಿ ಆಡಲು ಒಂದು ಸೆಂಟಿಮೀಟರ್ ಬಿಟ್ಟರೂ ಸಾಲಿಗೆ ಎರಡರಂತೆ ಐದು ಸಾಲು, ಒಟ್ಟು ಹತ್ತು ಕೂರುತ್ತವೆ. ಎದೆಯ ಮೇಲೆ ಆ ಎರಡೂಮುಕ್ಕಾಲು ಸೆಂಟಿಮೀಟರ್ ಕಡಿಮೆಯಾದದ್ದು ಯಾರಿಗೂ ಗೊತ್ತಾಗುವುದಿಲ್ಲ, ಮೂರು ಅಚ್ಚು ಮಾತ್ರ ನಿಮಗೆ ಉಳಿಯುತ್ತವೆ. ಎಲ್ಲಾದರೂ ಬದಿಯಲ್ಲಿ ಜಾಗ ಉಳಿದರೆ ಜೇಬಿನ ಮೇಲೆ ಹಾಕುವ ಸಣ್ಣ ಚಿತ್ರಗಳನ್ನು ತುಂಬಿಸಿಡಿ. ಒಂದು ವರ್ಷ ಹೀಗೆ ನಡೆಸಿ, ತಿಂಗಳಿಗೆ ಎಷ್ಟು ಮೀಟರ್ ತರಿಸುತ್ತಿದ್ದೀರಿ ಎಂದು ನೋಡಿ, ಆಮೇಲೆ ಯಂತ್ರದ ಯೋಚನೆ ಮಾಡಿ. ಸಣ್ಣ ಉದ್ಯಮಗಳಿಗಾಗಿ ಇರುವ ‘ಉದ್ಯಮ್’ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಅದಕ್ಕಾಗಿ ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ.

ಪ್ರಶ್ನೆ: ನೆಚ್ಚಿನ ನಟನ ಸಿನಿಮಾ ಚಿತ್ರವನ್ನೂ, ಕೆಳಗೆ ರಾಷ್ಟ್ರಧ್ವಜವನ್ನೂ ಹಾಕಿ ಶರ್ಟ್ ಮಾಡಿಸಿ ಮಾರಬಹುದೇ?
ಪದವಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಎರಡೂ ಬೇಡ. ಸಿನಿಮಾದ ದೃಶ್ಯಕ್ಕೂ ಛಾಯಾಚಿತ್ರಕ್ಕೂ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ, ಅಂತರ್ಜಾಲದಲ್ಲಿ ಸಿಕ್ಕಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಮಾರಾಟಕ್ಕಿಳಿದರೆ ನಟನ ಮುಖ, ಹೆಸರುಗಳ ಹಕ್ಕಿನ ಪ್ರಶ್ನೆಯೂ ಬರುತ್ತದೆ. ರಾಷ್ಟ್ರಧ್ವಜವನ್ನು ಉಡುಪಿನ ಬಟ್ಟೆಯ ಮೇಲೆ ಅಚ್ಚು ಹಾಕುವುದನ್ನೂ, ಅದರ ಮೇಲೆ ಅಕ್ಷರ ಬರೆಯುವುದನ್ನೂ 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ ನಿಷೇಧಿಸುತ್ತದೆ. ಕವಿಗಳ ಸಾಲು ಹಾಕುವುದಾದರೆ ಕವಿ ತೀರಿಕೊಂಡು ಅರವತ್ತು ವರ್ಷ ಕಳೆಯುವವರೆಗೆ ವಾರಸುದಾರರ ಅನುಮತಿ ಬೇಕು. ಹನ್ನೆರಡನೆಯ ಶತಮಾನದ ವಚನಗಳಿಗೆ ಆ ತೊಡಕಿಲ್ಲ, ಎದೆಯ ಅಗಲಕ್ಕೆ ಸರಿಯಾಗಿ ಕೂರುವಷ್ಟು ಚಿಕ್ಕ ಸಾಲುಗಳೂ ಅವುಗಳಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಪುಣೆಯಲ್ಲಿರುವ ನಮ್ಮ ಕನ್ನಡ ಬಳಗಕ್ಕೆ ಅರವತ್ತು ಶರ್ಟ್ ಮಾಡಿಸಿದೆವು. ಎಲ್ಲರನ್ನೂ ಅಳತೆ ಕೇಳಿಯೇ ಬರೆದುಕೊಂಡಿದ್ದರೂ ಹದಿನೈದು ಮಂದಿಗೆ ಆಗಲಿಲ್ಲ. ಅದೂ ಅಲ್ಲದೆ ಮೂರನೆಯ ಒಗೆತಕ್ಕೇ ಕೆಲವರ ಶರ್ಟಿನ ಅಚ್ಚು ಬಿರುಕು ಬಿಟ್ಟಿದೆ. ಮುಂದಿನ ವರ್ಷ ಏನು ಮಾಡಬೇಕು?
ಬಳಗದ ಖಜಾಂಚಿ, ಪುಣೆ

ಉತ್ತರ: ಬಿರುಕಿನ ವಿಷಯ ಬೇಗ ಮುಗಿಸುತ್ತೇನೆ. ಕೆಲವರದು ಮಾತ್ರ ಒಡೆದಿದೆ ಎಂದರೆ ಆ ಶರ್ಟುಗಳಿಗೆ ಶಾಖ ಸಾಲದೆ ಬಣ್ಣ ಒಳಗಿನವರೆಗೆ ಗಟ್ಟಿಯಾಗಿಲ್ಲ. ಶರ್ಟುಗಳನ್ನು ತೆಗೆದುಕೊಳ್ಳುವಾಗ ಕಟ್ಟಿನ ನಡುವಿನಿಂದ ಎರಡು ಮೂರನ್ನು ಎಳೆದು, ಅಚ್ಚಿನ ಜಾಗವನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ನೋಡಿ. ಅಲ್ಲಿಯೇ ಗೆರೆ ಬಿಟ್ಟರೆ ಮತ್ತೆ ಕಾಯಿಸಿ ಕೊಡುವಂತೆ ಹೇಳಬಹುದು. ಒಗೆಯುವಾಗ ಶರ್ಟನ್ನು ಒಳಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಅಚ್ಚಿನ ಮೇಲೆ ಬ್ರಷ್ ಉಜ್ಜಬಾರದು, ನೇರವಾಗಿ ಇಸ್ತ್ರಿ ಮಾಡಬಾರದು. ಒಗೆಯುವ ಕಲ್ಲಿಗೆ ಬಡಿದರಂತೂ ಯಾವ ಅಚ್ಚೂ ಉಳಿಯದು.

ಅಳತೆಯ ಮೋಸ ಇರುವುದು ‘ಎಂ’, ‘ಎಲ್’ ಎಂಬ ಅಕ್ಷರಗಳಲ್ಲೇ. ಒಬ್ಬ ತಯಾರಕನ ‘ಎಲ್’ ಎದೆಸುತ್ತಳತೆ 40 ಇಂಚಾದರೆ ಇನ್ನೊಬ್ಬನದು 42 ಇರುತ್ತದೆ. ಆದ್ದರಿಂದ ನಿಮ್ಮ ಸೈಜ್ ಏನು ಎಂದು ಕೇಳಬೇಡಿ. ಮನೆಯಲ್ಲಿ ಚೆನ್ನಾಗಿ ಹೊಂದುವ ಟೀ ಶರ್ಟೊಂದನ್ನು ನೆಲದ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಟೇಪು ಹಿಡಿದು ಎಷ್ಟು ಇಂಚೆಂದು ಬರೆದು ಕಳುಹಿಸಲು ಹೇಳಿ. ಇಪ್ಪತ್ತು ಬಂದರೆ ಅದು ನಲವತ್ತರ ಶರ್ಟು. ಆಮೇಲೆ ನೀವು ಕೊಳ್ಳುವ ತಯಾರಕನಿಂದ ಪ್ರತಿ ಅಳತೆಯದೂ ಒಂದೊಂದು ಖಾಲಿ ಶರ್ಟ್ ತರಿಸಿ ಅದೇ ರೀತಿ ಅಳೆದು ಹೊಂದಿಸಿ. ಅಳತೆ ಎರಡರ ನಡುವೆ ಬಿದ್ದರೆ ದೊಡ್ಡದನ್ನೇ ಬರೆದುಕೊಳ್ಳಿ, ಹತ್ತಿ ಒಂದು ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಹೆಂಗಸರಿಗೂ ಮಕ್ಕಳಿಗೂ ಪಟ್ಟಿಯನ್ನು ಬೇರೆಯಾಗಿಯೇ ಮಾಡಿ, ಮಕ್ಕಳ ಅಚ್ಚು ಚಿಕ್ಕದಾಗಬೇಕಿದ್ದರೆ ಅದಕ್ಕೆ ಇನ್ನೊಂದು ಸ್ಕ್ರೀನ್ ಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಟ್ಟಿಯ ಮೇಲೆ ಎರಡು ‘ಎಲ್’, ಒಂದು ‘ಡಬಲ್ ಎಕ್ಸ್‌ಎಲ್’ ಹೆಚ್ಚಿಗೆ ಒತ್ತಿಸಿಟ್ಟುಕೊಳ್ಳಿ. ಹಣ ಕೊಟ್ಟು ಹೆಸರು ಬರೆಸಲು ಮರೆತವರು ಕಾರ್ಯಕ್ರಮದ ದಿನ ಬಂದೇ ಬರುತ್ತಾರೆ, ಅಷ್ಟು ಹೊತ್ತಿಗೆ ಪ್ರೆಸ್ಸಿನವರು ನಿಮ್ಮ ಸ್ಕ್ರೀನನ್ನು ತೊಳೆದು ಬೇರೆಯವರ ಮದುವೆಯ ಚೀಲಕ್ಕೆ ಬಳಸಿಯಾಗಿರುತ್ತದೆ.